ಬೈಲಕುಪ್ಪೆ ಗೋಲ್ಡನ್ ಟೆಂಪಲ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರದಲ್ಲಿ ಮನೆ ಅಂದಮೇಲೆ ನೆಂಟರು ಬರುತ್ತಾರೆ. ನೆಂಟರು ಬಂದಮೇಲೆ ಗೋಲ್ಡನ್ ಟೆಂಪಲ್ ಆಗಲೇಬೇಕು. ಮಡಿಕೇರಿ, ವಿರಾಜಪೇಟೆ ಕಡೆಯ ಹೋಮ್‌ಸ್ಟೇಗಳಿಗೆ ಬಂದವರೂ ಊರಿಗೆ ವಾಪಸಾಗುವ ದಾರಿಯಲ್ಲಿ ಅಲ್ಲಿಗೊಂದು ಸುತ್ತು ಹಾಕುತ್ತಾರೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರವಾಸಿಗರಿಗೆ ಅದು ನೋಡುವ ಜಾಗ, ಸರಿ. ಆದರೆ ಅದು ಟಿಬೆಟನ್ ಬೌದ್ಧ ಮಠ. ಸಾವಿರಾರು ಜನ ಅಲ್ಲೇ ಓದುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಅದು ಅವರ ಮನೆ. ಇದೊಂದು ತಲೆಯಲ್ಲಿದ್ದರೆ ಕೆಳಗಿನ ಅರ್ಧ ಉತ್ತರ ನಿಮಗೇ ಹೊಳೆಯುತ್ತದೆ.

ಗೋಲ್ಡನ್ ಟೆಂಪಲ್ ಕೊಡಗಿನಲ್ಲೇ ಇರೋದಾ?

ಅಲ್ಲ. ಕುಶಾಲನಗರದ ಕಾವೇರಿ ಸೇತುವೆ ದಾಟಿದ ಕೂಡಲೇ ಕೊಡಗು ಮುಗಿದು ಮೈಸೂರು ಜಿಲ್ಲೆ ಶುರುವಾಗುತ್ತದೆ. ಬೈಲಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದು. ಆದರೆ ಸಂತೆ, ಬ್ಯಾಂಕು, ಮೊಬೈಲ್ ರಿಪೇರಿ ಅಂತ ಅಲ್ಲಿಯವರು ಬರುವುದು ಕುಶಾಲನಗರಕ್ಕೇ. ಕೆಂಪು ಬಟ್ಟೆ ಉಟ್ಟವರು ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದು ಕನ್ನಡದಲ್ಲೇ ಚೌಕಾಸಿ ಮಾಡುವುದು ನಮಗೆ ದಿನಾ ಕಾಣುವ ನೋಟ. ಹಾಗಾಗಿ ಕಾಗದದ ಮೇಲೆ ಮೈಸೂರು, ಬಳಕೆಯಲ್ಲಿ ನಮ್ಮದೇ.

ಮಠದ ಹೆಸರು ನಾಮ್‌ಡ್ರೋಲಿಂಗ್. ಮ್ಯಾಪಿನಲ್ಲಿ ಬರೀ 'ಗೋಲ್ಡನ್ ಟೆಂಪಲ್' ಅಂತ ಹಾಕಿದರೆ ಅಮೃತಸರ ತೋರಿಸಿದರೂ ತೋರಿಸಬಹುದು. ಈ ಹೆಸರನ್ನೇ ಹಾಕಿ. ಸ್ಥಳೀಯರನ್ನು ಕೇಳುವುದಾದರೆ 'ಟಿಬೆಟನ್ ಕ್ಯಾಂಪ್' ಅಂದರೂ ಸಾಕು, ದಾರಿ ತೋರಿಸುತ್ತಾರೆ.

ಹೋಗೋದು ಹೇಗೆ?

ಕುಶಾಲನಗರದಿಂದ ಸುಮಾರು 6 ಕಿಲೋಮೀಟರ್, ಮಡಿಕೇರಿಯಿಂದ ಸುಮಾರು 35, ಮೈಸೂರಿನಿಂದ 80ರ ಮೇಲೆ. ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಸೇತುವೆಯ ಆಚೆ ಕೊಪ್ಪ ಅಂತ ಊರು ಬರುತ್ತದೆ. ಅಲ್ಲಿಂದ ಒಳಗೆ ತಿರುಗಬೇಕು. ಬಸ್ಸಿನಲ್ಲಿ ಬರುವವರಿಗೆ ಕುಶಾಲನಗರದಲ್ಲಿ ಇಳಿದು ಆಟೊ ಹಿಡಿಯುವುದು ಸುಲಭ. ಹೋಗಿ ಬರುವ ಬಾಡಿಗೆ, ಅಲ್ಲಿ ಕಾಯುವ ಸಮಯ ಎರಡನ್ನೂ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. 'ಅರ್ಧ ಗಂಟೆ ಸಾಕು ಸಾರ್' ಅಂತ ಡ್ರೈವರ್ ಹೇಳಿದರೆ ಒಪ್ಪಬೇಡಿ. ಸಾಲದು.

ಟಿಕೆಟ್ ಇದೆಯಾ? ಎಷ್ಟು ಹೊತ್ತಿಗೆ ತೆರೆದಿರುತ್ತದೆ?

ಪ್ರವೇಶಕ್ಕೆ ದುಡ್ಡಿಲ್ಲ. ಪ್ರವಾಸಿಗರಿಗೆ ಸಾಮಾನ್ಯವಾಗಿ ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಬಿಡುತ್ತಾರೆ. ದೊಡ್ಡ ಪೂಜೆ ಇರುವ ದಿನಗಳಲ್ಲಿ ಒಳಗಿನ ಕೆಲವು ಭಾಗ ಮುಚ್ಚಿರಬಹುದು. ಬಾಗಿಲಲ್ಲಿ ತಡೆದರೆ ವಾದ ಮಾಡಬೇಡಿ, ಪಕ್ಕದ ದೇವಾಲಯ ನೋಡಿಕೊಂಡು ಬನ್ನಿ.

ಯಾವ ದಿನ, ಯಾವ ಹೊತ್ತು ಒಳ್ಳೆಯದು?

ಶನಿವಾರ, ಭಾನುವಾರ ಬೇಡ. ಸಾಲು ರಜೆ, ದಸರಾ ರಜೆ, ಡಿಸೆಂಬರ್ ಕೊನೆಯ ವಾರ ಅಂತೂ ಬೇಡವೇ ಬೇಡ. ಆ ದಿನಗಳಲ್ಲಿ ಕೊಪ್ಪದ ತಿರುವಿನಿಂದಲೇ ಕಾರುಗಳು ಸಾಲುಗಟ್ಟುತ್ತವೆ. ಒಳಗೆ ಬುದ್ಧನ ಮುಖಕ್ಕಿಂತ ಮೇಲೆತ್ತಿದ ಮೊಬೈಲ್‌ಗಳೇ ಜಾಸ್ತಿ ಕಾಣುತ್ತವೆ. ವಾರದ ನಡುವೆ, ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಿ. ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ಹತ್ತೂವರೆ, ಹನ್ನೊಂದರ ಮೇಲೆ ಬಂದು ಸೇರುತ್ತವೆ.

ಮಳೆಗಾಲ ಅಂತ ಹೆದರಬೇಕಾಗಿಲ್ಲ. ಮಡಿಕೇರಿಯಲ್ಲಿ ಧೋ ಅಂತ ಸುರಿಯುವಾಗಲೂ ಕುಶಾಲನಗರದ ಕಡೆ ಬರೀ ಜಿಟಿಜಿಟಿ ಇರುವುದುಂಟು. ಜುಲೈ ಮಳೆಯಲ್ಲಿ ತೊಳೆದ ಅಂಗಳ, ಅದರಲ್ಲಿ ಬಿದ್ದ ಬಂಗಾರದ ಶಿಖರದ ನೆರಳು, ಜನ ಕಡಿಮೆ. ನನ್ನ ಕೇಳಿದರೆ ಅದೇ ಒಳ್ಳೆಯ ಕಾಲ.

ಎಂಥಾ ಬಟ್ಟೆ ಹಾಕಿಕೊಳ್ಳಬೇಕು?

ಪಂಚೆ, ಶಲ್ಯ, ಮಡಿ ಅಂಥದ್ದೇನೂ ಇಲ್ಲ. ಪ್ಯಾಂಟು, ಚೂಡಿದಾರ್, ಸೀರೆ ಏನಾದರೂ ಸರಿ. ಭುಜ, ಮಂಡಿ ಮುಚ್ಚಿರಲಿ. ಒಳಗೆ ಹೋಗುವಾಗ ಟೋಪಿ, ಕೂಲಿಂಗ್ ಗ್ಲಾಸ್ ತೆಗೆಯಿರಿ. ಅಂಗಿ ಬಿಚ್ಚಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ.

ಚಪ್ಪಲಿ ಎಲ್ಲಿ ಬಿಡೋದು?

ದೇವಾಲಯದ ಬಾಗಿಲ ಹತ್ತಿರ. ಮಳೆ ಇದ್ದರೆ ಸಾಕ್ಸ್ ಹಾಕಿಕೊಂಡು ಹೋಗಬೇಡಿ. ಒದ್ದೆ ಸಾಕ್ಸಿನಲ್ಲಿ ನುಣುಪು ನೆಲದ ಮೇಲೆ ಜಾರುತ್ತದೆ, ಆಮೇಲೆ ಇಡೀ ದಿನ ಕಾಲು ತಣ್ಣಗೆ. ಬೇಸಿಗೆಯಲ್ಲಿ ಉಲ್ಟಾ. ಮಧ್ಯಾಹ್ನದ ಹೊತ್ತು ಹೊರಗಿನ ಕಲ್ಲು ಸುಡುತ್ತದೆ, ಸಾಕ್ಸ್ ಇದ್ದರೇ ವಾಸಿ.

ನಾವು ಬೌದ್ಧರಲ್ಲ. ಒಳಗೆ ಬಿಡ್ತಾರಾ? ಕೈ ಮುಗೀಬೇಕಾ?

ಯಾರು ಬೇಕಾದರೂ ಹೋಗಬಹುದು. ಜಾತಿ, ಧರ್ಮ, ಊರು ಏನನ್ನೂ ಕೇಳುವುದಿಲ್ಲ. ಕೈ ಮುಗಿಯುವುದು ನಿಮ್ಮ ಇಷ್ಟ. ಮುಗಿಯದೆ ಸುಮ್ನೆ ನಿಂತು ನೋಡಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಟಿಬೆಟಿನ ಭಕ್ತರು ಜೋಡಿಸಿದ ಕೈಯನ್ನು ತಲೆ, ಗಂಟಲು, ಎದೆಗೆ ಮುಟ್ಟಿಸಿ ನೆಲಕ್ಕೆ ಬಾಗುತ್ತಾರೆ. ಕೆಲವರು ಉದ್ದಕ್ಕೆ ಮಲಗಿ ಏಳುತ್ತಾರೆ. ವಯಸ್ಸಾದ ಹೆಂಗಸರು ಕೂಡ ಉಸಿರು ಕಟ್ಟದೆ ಇದನ್ನು ಮಾಡುತ್ತಲೇ ಇರುವುದನ್ನು ನೋಡಬಹುದು. ಅವರ ಎದುರಿನಿಂದ ಹಾದುಹೋಗಬೇಡಿ, ಹಿಂದಿನಿಂದ ಬಳಸಿ ಹೋಗಿ.

ಒಳಗೆ ಸಾಲು ಸಾಲಾಗಿ ತಗ್ಗಿನ ಪೀಠಗಳು, ಅದರ ಮುಂದೆ ಉದ್ದನೆಯ ಮೇಜುಗಳು ಇರುತ್ತವೆ. ಅವು ಭಿಕ್ಷುಗಳು ಕೂರುವ ಜಾಗ. ಕಾಲು ನೋಯುತ್ತಿದೆ ಅಂತ ಅಲ್ಲಿ ಕೂರಬೇಡಿ. ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಉದ್ದುದ್ದ ಹಾಳೆಯ ಕಟ್ಟುಗಳು ಗ್ರಂಥಗಳು. ಮುಟ್ಟಬೇಡಿ, ದಾಟಬೇಡಿ. ಕೂರಬೇಕು ಅನ್ನಿಸಿದರೆ ಹಿಂದೆ ಗೋಡೆಯ ಹತ್ತಿರ ನೆಲದ ಮೇಲೆ ಕೂತುಕೊಳ್ಳಿ. ಕಾಲನ್ನು ಮೂರ್ತಿಯ ಕಡೆ ಚಾಚಬೇಡಿ. ಇದನ್ನು ಮಾತ್ರ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಹೂವು, ಹಣ್ಣು, ಕಾಯಿ ತಗೊಂಡು ಹೋಗಬೇಕಾ?

ಬೇಡ. ಕಾಯಿ ಒಡೆಯುವುದು, ಅರ್ಚನೆ, ತೀರ್ಥ, ಕುಂಕುಮ ಯಾವುದೂ ಇಲ್ಲ. ಮೂರ್ತಿಗಳ ಮುಂದೆ ಸಾಲಾಗಿ ನೀರು ತುಂಬಿದ ಬಟ್ಟಲುಗಳು, ತುಪ್ಪದ ದೀಪಗಳು ಇರುತ್ತವೆ. ಟಿಬೆಟನ್ನರ ಪೂಜಾಮಂಟಪದಲ್ಲಿ ಹಣ್ಣಿನ ಪಕ್ಕದಲ್ಲಿ ಬಿಸ್ಕತ್ ಪ್ಯಾಕೆಟ್, ಜ್ಯೂಸ್ ಡಬ್ಬಿ ಜೋಡಿಸಿಟ್ಟಿರುವುದೂ ಉಂಟು. ಮೊದಲ ಸಲ ನೋಡಿದವರು ಮುಸಿಮುಸಿ ನಗುತ್ತಾರೆ. ನಗಬೇಡಿ. ತಮಗೆ ಯಾವುದು ಚೆನ್ನಾಗಿದೆ ಅನ್ನಿಸಿತೋ ಅದನ್ನು ಇಡುತ್ತಾರೆ, ಅಷ್ಟೇ. ನಿಮಗೆ ಏನಾದರೂ ಕೊಡಬೇಕು ಅನ್ನಿಸಿದರೆ ಹುಂಡಿ ಇದೆ. ಭಕ್ತರು ಬಿಳಿ ರೇಷ್ಮೆಯ ಥರದ ಶಲ್ಯ ಅರ್ಪಿಸುತ್ತಾರೆ, ಅದಕ್ಕೆ ಖತಾ ಅನ್ನುತ್ತಾರೆ. ಹೊರಗಿನ ಅಂಗಡಿಗಳಲ್ಲಿ ಸಿಗುತ್ತದೆ. ಕಡ್ಡಾಯವೇನಲ್ಲ.

ಒಳಗಿರೋ ಆ ಮೂರು ದೊಡ್ಡ ಮೂರ್ತಿಗಳು ಯಾರದು? ಮೂರೂ ಬುದ್ಧನದೇನಾ?

ಎಲ್ಲರೂ ಫೋಟೊ ತೆಗೆಯುತ್ತಾರೆ, ಕೇಳುವವರು ಕಡಿಮೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಲ್ಲಿನ ಫಲಕದ ಪ್ರಕಾರ ನಡುವಿನ ಮೂರ್ತಿ 60 ಅಡಿ, ಉಳಿದೆರಡು 58 ಅಡಿ. ತಾಮ್ರದಲ್ಲಿ ಮಾಡಿ ಚಿನ್ನದ ಲೇಪ ಕೊಟ್ಟಿದ್ದಾರೆ. ಒಳಗೆ ಪೊಳ್ಳು ಬಿಟ್ಟಿಲ್ಲ. ಧರ್ಮಗ್ರಂಥ, ಮಹಾತ್ಮರ ಅವಶೇಷ, ಸಣ್ಣ ಸ್ತೂಪಗಳನ್ನು ಇಟ್ಟಿದ್ದಾರೆ.

ಯಾರು ಯಾರು ಅಂತ ಗುರುತಿಸಲು ಕೈ ನೋಡಿ. ನಡುವಿನವರು ಶಾಕ್ಯಮುನಿ ಬುದ್ಧ, ಅಂದರೆ ನಾವು ಶಾಲೆಯಲ್ಲಿ ಓದಿದ ಗೌತಮ ಬುದ್ಧ. ಬಲಗೈ ಮಂಡಿಯ ಮೇಲಿಂದ ಇಳಿದು ಭೂಮಿಯನ್ನು ಮುಟ್ಟುತ್ತಿದೆ. ಜ್ಞಾನೋದಯದ ಗಳಿಗೆಯಲ್ಲಿ ಭೂಮಿಯನ್ನೇ ಸಾಕ್ಷಿಗೆ ಕರೆದದ್ದನ್ನು ತೋರಿಸುವ ಮುದ್ರೆ ಅದು. ತೊಡೆಯ ಮೇಲಿನ ಎಡಗೈಯಲ್ಲಿ ಭಿಕ್ಷಾಪಾತ್ರೆ. ಎರಡೂ ಕೈ ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟು ಅಮೃತಕಲಶ ಹಿಡಿದವರು ಅಮಿತಾಯುಸ್, ದೀರ್ಘಾಯುಸ್ಸಿನ ಬುದ್ಧ.

ಮೂರನೆಯವರಿಗೆ ಮೀಸೆ ಇದೆ. ತಲೆಗೆ ಟೋಪಿ, ಬಲಗೈಯಲ್ಲಿ ವಜ್ರಾಯುಧ. ಇವರು ಗುರು ಪದ್ಮಸಂಭವ, ಟಿಬೆಟನ್ನರ ಬಾಯಲ್ಲಿ ಗುರು ರಿನ್‌ಪೊಚೆ. 8ನೇ ಶತಮಾನದಲ್ಲಿ ಟಿಬೆಟಿನ ರಾಜ ತ್ರಿಸೊಂಗ್ ದೆತ್ಸೆನ್ ಇವರನ್ನು ಭಾರತದ ಕಡೆಯಿಂದ ಕರೆಸಿಕೊಂಡ. ಅಲ್ಲಿನ ಮೊದಲ ಮಠ ಸಮ್ಯೆ ಕಟ್ಟುವುದಕ್ಕೆ ಅಡ್ಡಿ ಮಾಡುತ್ತಿದ್ದ ಭೂತಗಳನ್ನು ಇವರು ಪಳಗಿಸಿದರು ಅನ್ನುವುದು ನಂಬಿಕೆ. ಓಡಿಸಲಿಲ್ಲ, ಕೊಲ್ಲಲಿಲ್ಲ. ಧರ್ಮವನ್ನು ಕಾಯುವ ಕೆಲಸಕ್ಕೆ ಹಚ್ಚಿದರು. ಊರೂರಿಗೆ ಗುಳಿಗ, ಚಾಮುಂಡಿಯಂಥ ದೈವಗಳಿರುವ ಕೊಡಗಿನವರಿಗೆ ಈ ಕಥೆ ಬೇಗ ಹಿಡಿಸುತ್ತದೆ. ಟಿಬೆಟಿನ ನಾಲ್ಕು ಮುಖ್ಯ ಪಂಥಗಳಲ್ಲಿ ಅತಿ ಹಳೆಯದು ನ್ಯಿಂಗ್ಮಾ. ನಾಮ್‌ಡ್ರೋಲಿಂಗ್ ಆ ಪಂಥದ ಮಠ. ಪದ್ಮಸಂಭವರು ಅವರಿಗೆ ಮೂಲಗುರು. ದೇವಾಲಯಕ್ಕೂ ಅವರದೇ ಹೆಸರು, ಪದ್ಮಸಂಭವ ಬುದ್ಧ ವಿಹಾರ. 1999ರ ಸೆಪ್ಟೆಂಬರ್‌ನಲ್ಲಿ ದಲೈ ಲಾಮಾ ಉದ್ಘಾಟಿಸಿದರು.

ಗೋಡೆ ಮೇಲೆ ಅಷ್ಟೊಂದು ಭಯಂಕರ ಚಿತ್ರಗಳು ಯಾಕೆ? ಬುದ್ಧ ಅಂದರೆ ಶಾಂತಿ ಅಲ್ವಾ?

ಕೋರೆಹಲ್ಲು, ತಲೆಬುರುಡೆಯ ಮಾಲೆ, ಮೈತುಂಬ ಬೆಂಕಿ. ಚಿಕ್ಕ ಮಕ್ಕಳು ಅಮ್ಮನ ಸೆರಗು ಹಿಡಿದುಕೊಳ್ಳುತ್ತಾರೆ. ಇವರಲ್ಲಿ ಕೆಲವರು ಧರ್ಮಪಾಲರು. ಉಳಿದವು ಶಾಂತ ಬುದ್ಧರ ಉಗ್ರರೂಪಗಳು. ಅವರ ಸಿಟ್ಟು ನಮ್ಮ ಮೇಲಲ್ಲ. ನಮ್ಮೊಳಗಿನ ಅಜ್ಞಾನ, ಅಹಂಕಾರದ ಮೇಲೆ. ಕಾಳಿಯನ್ನು, ವೀರಭದ್ರನನ್ನು ಕೈಮುಗಿದು ನೋಡುವ ನಮಗೆ ಇದು ಹೊಸದೇನಲ್ಲ.

ಟಿಬೆಟನ್ ದೇವಾಲಯಗಳ ಮುಖಮಂಟಪದಲ್ಲಿ ಸಾಮಾನ್ಯವಾಗಿ ಇನ್ನೊಂದು ಚಿತ್ರ ಇರುತ್ತದೆ, ಭವಚಕ್ರ. ಇಲ್ಲಿರುವ ಯಾವ ಮಠದಲ್ಲಿ ಅದು ಕಣ್ಣಿಗೆ ಬಿದ್ದರೂ ನಿಂತು ನೋಡಿ. ಯಮ ತನ್ನ ಹಲ್ಲು, ಉಗುರುಗಳಲ್ಲಿ ದೊಡ್ಡದೊಂದು ಚಕ್ರ ಕಚ್ಚಿ ಹಿಡಿದಿರುತ್ತಾನೆ. ನಟ್ಟನಡುವೆ ಮೂರು ಪ್ರಾಣಿಗಳು. ಹಂದಿ ಅಂದರೆ ಅಜ್ಞಾನ, ಹುಂಜ ಅಂದರೆ ಆಸೆ, ಹಾವು ಅಂದರೆ ದ್ವೇಷ. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಅದರ ಸುತ್ತ ದೇವರು, ಅಸುರರು, ಮನುಷ್ಯರು, ಪ್ರಾಣಿಗಳು, ಪ್ರೇತಗಳು, ನರಕ, ಹೀಗೆ ಆರು ಲೋಕಗಳು. ಪ್ರೇತಗಳನ್ನು ಹುಡುಕಿ. ಹೊಟ್ಟೆ ಗುಡಾಣ, ಕತ್ತು ದಾರದಷ್ಟು ಸಪೂರ. ಎಷ್ಟು ಹಸಿದರೂ ಒಂದು ತುತ್ತು ಇಳಿಯುವುದಿಲ್ಲ. ದೇವಲೋಕ ಕೂಡ ಚಕ್ರದ ಒಳಗೇ ಇದೆ, ಅದನ್ನೂ ಗಮನಿಸಿ. ಸ್ವರ್ಗಕ್ಕೆ ಹೋದರೂ ಬಿಡುಗಡೆ ಆಗಲಿಲ್ಲ ಅಂತ ಅರ್ಥ. ಬುದ್ಧ ನಿಂತಿರುವುದು ಚಕ್ರದ ಹೊರಗೆ.

ಮಣಿಚಕ್ರ ಯಾವ ಕಡೆ ತಿರುಗಿಸಬೇಕು?

ಮಣಿಚಕ್ರ ಅಂದರೆ ಕೈಯಿಂದ ತಿರುಗಿಸುವ ಪ್ರಾರ್ಥನಾ ಚಕ್ರ. ಅದನ್ನು ನಮ್ಮ ಪ್ರದಕ್ಷಿಣೆಯ ದಿಕ್ಕಿಗೇ, ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಸಾಲಾಗಿ ಚಕ್ರಗಳು ಇರುವಲ್ಲಿ ಅವುಗಳನ್ನು ಬಲಕ್ಕೆ ಇಟ್ಟುಕೊಂಡು ಬಲಗೈಯಲ್ಲಿ ಮೆಲ್ಲಗೆ ತಳ್ಳುತ್ತಾ ಹೋದರೆ ತಾನೇ ಸರಿಯಾಗುತ್ತದೆ. ಒಳಗೆ 'ಓಂ ಮಣಿ ಪದ್ಮೇ ಹೂಂ' ಮಂತ್ರ ಸಾವಿರಾರು ಸಲ ಬರೆದ ಕಾಗದದ ಸುರುಳಿ ಇರುತ್ತದೆ. ಒಂದು ಸುತ್ತು ತಿರುಗಿದರೆ ಅಷ್ಟೂ ಮಂತ್ರ ಜಪಿಸಿದ ಪುಣ್ಯ ಅನ್ನುತ್ತಾರೆ. ಯಾರು ಜಾಸ್ತಿ ವೇಗವಾಗಿ ತಿರುಗಿಸುತ್ತಾರೆ ಅಂತ ಮಕ್ಕಳು ಪಂದ್ಯ ಕಟ್ಟಿದರೆ ಕೈ ಹಿಡಿದು ನಿಲ್ಲಿಸಿ. ಹಿಂದೆ ಅಜ್ಜಿಯೊಬ್ಬರು ಜಪ ಮಾಡುತ್ತಾ ಬರುತ್ತಿರುತ್ತಾರೆ. ಸ್ತೂಪಗಳಿಗೂ ಇದೇ ದಿಕ್ಕಿನಲ್ಲಿ ಸುತ್ತು ಬನ್ನಿ.

ಪೂಜೆ ನಡೀತಿದ್ದರೆ ಒಳಗೆ ಹೋಗಬಹುದಾ?

ಬಾಗಿಲು ತೆರೆದಿದ್ದು, ಯಾರೂ ತಡೆಯದಿದ್ದರೆ ಹೋಗಬಹುದು. ಅಂಥ ಹೊತ್ತು ಸಿಕ್ಕಿದರೆ ಬಿಡಬೇಡಿ. ಬರೀ ಮೂರ್ತಿ ನೋಡಿ ಬಂದವರಿಗೂ ಪೂಜೆ ಕೇಳಿ ಬಂದವರಿಗೂ ಬಹಳ ವ್ಯತ್ಯಾಸ ಇದೆ.

ಮೊದಲು ಕೇಳಿಸುವುದು ಒಬ್ಬರ ದನಿ. ಹೊಟ್ಟೆಯಾಳದಿಂದ ಬರುವ ದಪ್ಪ ದನಿ, ಅದು ಮನುಷ್ಯರದು ಅಂತ ನಂಬುವುದೇ ಕಷ್ಟ. ಹಿಂದೆಯೇ ಉಳಿದವರೆಲ್ಲ ಸೇರಿಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಹಾಗೇ ಸಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ತಾಳ, ಹಿಡಿಕೋಲಿಗೆ ಸಿಕ್ಕಿಸಿದ ದೊಡ್ಡ ಡೋಲು, ಆಳೆತ್ತರಕ್ಕಿಂತ ಉದ್ದದ ತುತ್ತೂರಿ ಒಟ್ಟಿಗೇ ಏಳುತ್ತವೆ. ಈ ತುತ್ತೂರಿಗೆ ದುಂಗ್‌ಚೆನ್ ಅನ್ನುತ್ತಾರೆ. ಅದರ ಸದ್ದು ಕಿವಿಗೆ ಬಡಿಯುವುದಕ್ಕಿಂತ ಎದೆಗೂಡಿಗೆ ಬಡಿಯುವುದೇ ಜಾಸ್ತಿ. ಡೋಲಿನ ಕೋಲನ್ನು ನೋಡಿ, ತುದಿ ಕುಡುಗೋಲಿನ ಹಾಗೆ ಬಾಗಿರುತ್ತದೆ. ನಡುವೆ ಎಳೆಯ ಹುಡುಗರು ದೊಡ್ಡ ಕೆಟಲ್ ಹಿಡಿದು ಸಾಲುಗಳ ಮಧ್ಯೆ ಓಡಾಡಿ ಚಹಾ ಹಾಕುತ್ತಾರೆ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಚಿಕ್ಕವರು ತೂಕಡಿಸುತ್ತಿರುತ್ತಾರೆ. ಎಲ್ಲ ಶಾಲೆಗಳಲ್ಲೂ ಇರುವುದೇ.

ಹಿಂದೆ ಗೋಡೆಗೆ ಒರಗಿ ಕೂತು ಕಾಲು ಗಂಟೆಯಾದರೂ ಕೇಳಿ. ಎದ್ದು ಹೋಗುವುದಾದರೆ ಗೋಡೆಯ ಪಕ್ಕದಲ್ಲೇ ನಡೆದು ಹೊರಬನ್ನಿ. ಸಾಲುಗಳ ಮಧ್ಯೆ ನುಗ್ಗಬೇಡಿ.

ಫೋಟೊ, ವಿಡಿಯೊ, ರೀಲ್ಸ್?

ಸಾಮಾನ್ಯವಾಗಿ ಫೋಟೊ ತೆಗೆಯಲು ಬಿಡುತ್ತಾರೆ. ಬೇಡ ಅಂತ ಫಲಕ ಇರುವಲ್ಲಿ ಬೇಡ. ಫ್ಲ್ಯಾಶ್ ಎಲ್ಲೂ ಬೇಡ. ಪೂಜೆಯ ಹೊತ್ತಿನಲ್ಲಿ ಮೊಬೈಲನ್ನು ಭಿಕ್ಷುಗಳ ಮುಖದ ಹತ್ತಿರ ಹಿಡಿಯುವುದು ಬರೀ ಒರಟುತನ. ಮಕ್ಕಳ ಫೋಟೊ ತೆಗೆಯುವ ಮುಂಚೆ ಕೇಳಿ. ಮೂರ್ತಿಗೆ ಬೆನ್ನು ತಿರುಗಿಸಿ ಸೆಲ್ಫಿಗೆ ಪೋಸು ಕೊಡುವುದು, ಅಂಗಳದಲ್ಲಿ ಹಾಡು ಹಾಕಿ ಕುಣಿಯುವುದು ಇತ್ತೀಚೆಗೆ ಜಾಸ್ತಿಯಾಗಿದೆ. ನಮ್ಮ ಊರಿನ ದೇವಸ್ಥಾನದ ಗರ್ಭಗುಡಿ ಮುಂದೆ ಹೀಗೆ ಮಾಡಿದರೆ ಏನಾಗುತ್ತಿತ್ತು ಅಂತ ಒಂದು ಸಲ ಯೋಚಿಸಿ, ಆಮೇಲೆ ಮಾಡಿ.

ಅಲ್ಲಿನ ಲಾಮಾಗಳ ಜೊತೆ ಮಾತಾಡಬಹುದಾ? ಭಾಷೆ ಯಾವುದು?

ಮಾತಾಡಬಹುದು. ಕೆಂಪು ಬಟ್ಟೆಯವರೆಲ್ಲ ಲಾಮಾಗಳಲ್ಲ. ಲಾಮಾ ಅಂದರೆ ಗುರುಸ್ಥಾನದವರು. ನೀವು ಅಂಗಳದಲ್ಲಿ ನೋಡುವವರಲ್ಲಿ ಬಹಳಷ್ಟು ಜನ ವಿದ್ಯಾರ್ಥಿಗಳು. ನೇಪಾಳ, ಭೂತಾನ್, ಅರುಣಾಚಲ, ಲಡಾಖ್ ಕಡೆಯಿಂದ ಬಂದವರೂ ಇದ್ದಾರೆ. ಹೆಣ್ಣುಮಕ್ಕಳಿಗೆ ಬೇರೆ ಮಠ ಇದೆ. ಇಲ್ಲೇ ಹುಟ್ಟಿ ಬೆಳೆದವರ ಬಾಯಲ್ಲಿ ಪಿರಿಯಾಪಟ್ಟಣದ ಕನ್ನಡ ಕೇಳಬಹುದು. ಉಳಿದವರ ಹತ್ತಿರ ಹಿಂದಿ ನಡೆಯುತ್ತದೆ. ಟಿಬೆಟನ್ನರ ನಮಸ್ಕಾರ 'ಟಾಶಿ ದೆಲೆಕ್', ಹಾಗಂದರೆ ಮುಖ ಅರಳುತ್ತದೆ. ಬರೀ ನಮಸ್ಕಾರ ಅಂದರೂ ಅರಳುತ್ತದೆ.

ಕೈ ಕುಲುಕುವುದು, ಹೆಗಲ ಮೇಲೆ ಕೈ ಹಾಕುವುದು ಬೇಡ. ಪುಟ್ಟ ಭಿಕ್ಷುಗಳು ಮುದ್ದಾಗಿದ್ದಾರೆ ಅಂತ ಕೆನ್ನೆ ಹಿಂಡುವವರಿದ್ದಾರೆ, ಅದಂತೂ ಬೇಡ. ಚಾಕಲೇಟ್, ದುಡ್ಡು ಹಂಚಬೇಡಿ. ಕ್ಲಾಸಿಗೆ ಹೊರಟವರನ್ನು ತಡೆದು ನಿಲ್ಲಿಸಬೇಡಿ.

ಟಿಬೆಟಿನವರು ಇಲ್ಲಿಗೆ ಬಂದದ್ದು ಹೇಗೆ?

1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಮೊದಮೊದಲು ಬೆಟ್ಟಗಳಲ್ಲಿ ರಸ್ತೆ ಕೂಲಿ ಮಾಡಿಕೊಂಡಿದ್ದವರಿಗೆ ನೆಲೆ ಬೇಕಿತ್ತು. ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಹಾಗೆ 1961ರ ಹೊತ್ತಿಗೆ ಇಲ್ಲಿ ಮೊದಲ ವಸತಿ ನೆಲೆ ನಿಂತಿತು. 1969ರಲ್ಲಿ ಪಕ್ಕದಲ್ಲೇ ಎರಡನೆಯದು.

ಆಗ ಅದು ಕಾಡು. ಚಳಿದೇಶದಿಂದ ಬಂದವರು ಇಲ್ಲಿನ ಸೆಖೆಯಲ್ಲಿ ಡೇರೆ ಹಾಕಿಕೊಂಡು ಮರ ಕಡಿದು, ಬೇರು ಕಿತ್ತು, ಮೆಕ್ಕೆಜೋಳ ಬಿತ್ತಿದರು. ಬಿತ್ತಿದ್ದನ್ನು ಆನೆ ತಿಂದುಹೋಗುತ್ತಿತ್ತು. ಆನೆ ಕಾಟದ ಸಂಕಟ ಕೊಡಗಿನ ರೈತರಿಗೆ ಇವತ್ತಿಗೂ ಬಿಟ್ಟಿಲ್ಲ, ಹಾಗಾಗಿ ಬಿಡಿಸಿ ಹೇಳಬೇಕಾಗಿಲ್ಲ. ಪೆನೋರ್ ರಿನ್‌ಪೊಚೆ 1963ರಲ್ಲಿ ಇಲ್ಲಿ ಬಿದಿರಿನ ಸಣ್ಣದೊಂದು ಗುಡಿಯಿಂದ ನಾಮ್‌ಡ್ರೋಲಿಂಗ್ ಶುರು ಮಾಡಿದರು. ಟಿಬೆಟಿನಲ್ಲಿ 1665ರಲ್ಲಿ ಶುರುವಾದ ಪಲ್ಯುಲ್ ಮಠದ ಪರಂಪರೆಗೆ ಇವರು 11ನೆಯ ಪೀಠಾಧಿಪತಿ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಬೆರಳೆಣಿಕೆಯ ಭಿಕ್ಷುಗಳ ಜೊತೆ ತಾವೇ ಕಲ್ಲು, ಮಣ್ಣು ಹೊತ್ತರು. 2009ರಲ್ಲಿ ತೀರಿಕೊಂಡರು. ಕಣ್ಣು ಕೋರೈಸುವ ಚಿನ್ನ ನೋಡಿ 'ಎಷ್ಟು ದುಡ್ಡಿರಬೇಕು ಇವರ ಹತ್ರ' ಅನ್ನುವವರಿಗೆ ನಾನು ಈ ಬಿದಿರಿನ ಗುಡಿಯ ಕಥೆ ಹೇಳುತ್ತೇನೆ.

ಗೋಲ್ಡನ್ ಟೆಂಪಲ್ ಬಿಟ್ಟು ಅಲ್ಲಿ ನೋಡೋಕೆ ಬೇರೆ ಏನಿದೆ?

ಬಹಳ ಇದೆ, ಹೋಗುವವರು ಕಡಿಮೆ. ನಾಮ್‌ಡ್ರೋಲಿಂಗ್ ಆವರಣದಲ್ಲೇ ಜಂಗ್‌ಡೋಕ್ ಪಲ್ರಿ ದೇವಾಲಯ ಇದೆ. ಪದ್ಮಸಂಭವರು ನೆಲೆಸಿದ್ದಾರೆ ಅನ್ನುವ ತಾಮ್ರವರ್ಣದ ಬೆಟ್ಟವನ್ನು ನೆನಪಿಸುವ ಕಟ್ಟಡ ಅದು. ದೇವಾಲಯಗಳ ಮಾಡಿನ ಮೇಲೆ ಎರಡು ಜಿಂಕೆಗಳ ನಡುವೆ ಧರ್ಮಚಕ್ರ ಕಾಣುತ್ತದೆ. ಸಾರನಾಥದ ಜಿಂಕೆವನದಲ್ಲಿ ಬುದ್ಧ ಮೊದಲ ಉಪದೇಶ ಕೊಟ್ಟದ್ದರ ಗುರುತು.

ಸ್ವಲ್ಪ ದೂರದಲ್ಲಿ ಸೆರಾ ಮಠ. ಇದು ದಲೈ ಲಾಮಾ ಅವರ ಗೆಲುಗ್ ಪಂಥದ್ದು. ಮೂಲ ಸೆರಾ ಲಾಸಾ ಹತ್ತಿರ 1419ರಲ್ಲಿ ಶುರುವಾದದ್ದು. ಇಲ್ಲಿ ಸೆರಾ ಜೆ, ಸೆರಾ ಮೆ ಅಂತ ಎರಡು ವಿದ್ಯಾಪೀಠಗಳು. ಇಲ್ಲಿನ ಅಂಗಳದಲ್ಲಿ ತರ್ಕದ ಅಭ್ಯಾಸ ನಡೆಯುವಾಗ ಸಿಕ್ಕಿದರೆ ನಿಮ್ಮ ಅದೃಷ್ಟ. ಒಬ್ಬ ನೆಲದ ಮೇಲೆ ಕೂತಿರುತ್ತಾನೆ, ಇನ್ನೊಬ್ಬ ಎದುರಿಗೆ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಎಸೆಯುವಾಗ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಬಲಗೈಯಿಂದ ಎಡ ಅಂಗೈಗೆ ಪಟಾರ್ ಅಂತ ಹೊಡೆಯುತ್ತಾನೆ. ದೂರದಿಂದ ಜಗಳ ಅನ್ನಿಸುತ್ತದೆ. ಹತ್ತಿರ ಹೋದರೆ ಇಬ್ಬರೂ ನಗುತ್ತಿರುತ್ತಾರೆ. ಗೆಲುಗ್ ಪಂಥದಲ್ಲಿ ದಲೈ ಲಾಮಾ ನಂತರದ ಗುರು ಪಂಚೆನ್ ಲಾಮಾ, ಅವರ ಪರಂಪರೆಯ ಟಾಶಿ ಲುನ್ಪೊ ಮಠವೂ ಬೈಲಕುಪ್ಪೆಯಲ್ಲೇ ಇದೆ. ಎಲ್ಲಕ್ಕೂ ಒಂದೇ ಆಟೊ ಮಾತಾಡಿಕೊಳ್ಳಿ, ನಡೆಯುವಷ್ಟು ಹತ್ತಿರ ಅಲ್ಲ.

ಧ್ಯಾನ ಹೇಳಿಕೊಡ್ತಾರಾ?

ಬಂದ ಪ್ರವಾಸಿಗರಿಗೆ ಕ್ಲಾಸು ಅಂತ ಏನಿಲ್ಲ. ಹಿಂದಿನ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತರೆ ಯಾರೂ ಎಬ್ಬಿಸುವುದಿಲ್ಲ.

ಅಜ್ಜ, ಅಜ್ಜಿ, ಚಿಕ್ಕ ಮಕ್ಕಳ ಜೊತೆ ಹೋಗಬಹುದಾ?

ಖಂಡಿತ. ಆವರಣ ಸಮತಟ್ಟಾಗಿದೆ, ಬೆಟ್ಟ ಹತ್ತುವುದೇನಿಲ್ಲ. ದೇವಾಲಯದ ಮುಂದೆ ಮಾತ್ರ ಮೆಟ್ಟಿಲುಗಳಿವೆ. ಗೇಟಿನಿಂದ ಒಳಗೆ ನಡೆಯುವುದು, ಅಂಗಳ ಸುತ್ತುವುದು ಎಲ್ಲ ಸೇರಿದರೆ ಮಂಡಿನೋವಿನವರಿಗೆ ಸುಸ್ತಾಗಬಹುದು. ನಿಧಾನಕ್ಕೆ ಕರೆದುಕೊಂಡು ಹೋಗಿ. ಒಳಗೆ ತಂಪಾಗಿರುತ್ತದೆ.

ಊಟಕ್ಕೆ ಏನು ಸಿಗುತ್ತದೆ?

ಮಠದ ಎದುರಿನ ಅಂಗಡಿಸಾಲಿನಲ್ಲಿ, ಕ್ಯಾಂಪ್‌ಗಳ ಒಳಗೆ ಟಿಬೆಟನ್ ಹೋಟೆಲ್‌ಗಳಿವೆ. ಮೊಮೊ ಎಲ್ಲರಿಗೂ ಗೊತ್ತು. ಅದರ ಜೊತೆ ಕೊಡುವ ಕೆಂಪು ಚಟ್ನಿ ಖಾರ ಇರುತ್ತದೆ, ಮೊದಲು ತುದಿನಾಲಿಗೆಯಲ್ಲಿ ನೋಡಿ. ನನ್ನ ಓಟು ತುಕ್ಪಾಕ್ಕೆ. ಬಿಸಿ ಸಾರಿನಲ್ಲಿ ನೂಡಲ್ಸ್, ತರಕಾರಿ ಅಥವಾ ಮಾಂಸ. ಮಳೆಯ ದಿನ ಇದಕ್ಕಿಂತ ಬೇರೆ ಬೇಡ. ಕೈಯಿಂದ ಹಿಟ್ಟು ಹರಿದು ಹಾಕಿ ಮಾಡುವ ತೆಂತುಕ್ ಇನ್ನೂ ರುಚಿ. ಹಬೆಯಲ್ಲಿ ಬೇಯಿಸಿದ ಟಿಂಗ್ಮೊ ಬನ್ನನ್ನು ಪಲ್ಯದ ಜೊತೆ ತಿನ್ನುತ್ತಾರೆ. ಬೆಣ್ಣೆ ಚಹಾ ಉಪ್ಪುಪ್ಪಾಗಿರುತ್ತದೆ. ಚಹಾ ಅಂದುಕೊಂಡು ಕುಡಿದರೆ ಮುಖ ಹಿಂಡಿಕೊಳ್ಳುತ್ತೀರಿ, ತೆಳ್ಳನೆಯ ಸೂಪ್ ಅಂದುಕೊಂಡು ಕುಡಿಯಿರಿ.

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಮಾಂಸ ತಿನ್ನುವವರು ಯಾವ ಮಾಂಸ ಅಂತ ಕೇಳಿಯೇ ಆರ್ಡರ್ ಮಾಡಿ. ಪೋರ್ಕ್ ಮೊಮೊ ಸಿಕ್ಕಿದರೆ ನಮ್ಮ ಪಂದಿಪ್ರಿಯರಿಗೆ ಹಬ್ಬ. ಬೌದ್ಧರು ಮಾಂಸ ತಿನ್ನುತ್ತಾರಾ ಅಂತ ಹುಬ್ಬೇರಿಸಬೇಡಿ. ತರಕಾರಿ ಬೆಳೆಯುವುದೇ ಕಷ್ಟವಾದ ಎತ್ತರದ ದೇಶದಿಂದ ಬಂದ ಊಟ ಅದು. ಈಗ ಹಲವು ಮಠಗಳ ಅಡುಗೆಮನೆಯಲ್ಲಿ ಮಾಂಸ ಮಾಡುವುದಿಲ್ಲ.

ಏನು ಕೊಂಡುಕೊಳ್ಳಬಹುದು?

ಟಿಬೆಟನ್ ಊದುಬತ್ತಿ ಕೊಳ್ಳಿ. ಕಡ್ಡಿ ಇಲ್ಲದ, ಗಿಡಮೂಲಿಕೆಯ ವಾಸನೆಯದು. ಐದು ಬಣ್ಣದ ಪ್ರಾರ್ಥನಾ ಪತಾಕೆಯನ್ನು ಎಲ್ಲರೂ ಬೈಕಿಗೆ ಕಟ್ಟುತ್ತಾರೆ. ನೀಲಿ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಭೂಮಿ. ಅದರ ಮೇಲೆ ಮಂತ್ರ ಅಚ್ಚಾಗಿರುತ್ತದೆ, ಗಾಳಿ ಬೀಸಿದಂತೆ ಎಲ್ಲರಿಗೂ ಒಳಿತಾಗಲಿ ಅಂತ. ಹಾಗಾಗಿ ಎತ್ತರದಲ್ಲಿ ಕಟ್ಟಬೇಕು. ಕಾಲು ತಾಗುವಲ್ಲಿ, ನೆಲಕ್ಕೆ ಬೀಳುವಲ್ಲಿ ಬೇಡ. ಸ್ವೆಟರ್, ಜಾಕೆಟ್ ಕೂಡ ಸಿಗುತ್ತವೆ. ಚಳಿಗಾಲದಲ್ಲಿ ಊರೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುವ ಟಿಬೆಟನ್ನರಲ್ಲಿ ಎಷ್ಟೋ ಜನ ಇಂಥ ಕ್ಯಾಂಪ್‌ಗಳವರೇ. ನಾದ ಬರುವ ಕಂಚಿನ ಬಟ್ಟಲು ಕೊಳ್ಳುವುದಾದರೆ ಅಂಗಡಿಯಲ್ಲೇ ಬಾರಿಸಿ ಕೇಳಿ, ದನಿ ಬೇಗ ಸತ್ತರೆ ಬಿಟ್ಟುಬಿಡಿ.

ವಿದೇಶಿ ಸ್ನೇಹಿತರು ಜೊತೆಗಿದ್ದರೆ?

ಟಿಬೆಟನ್ ವಸತಿಯ ಒಳಗೆ ರಾತ್ರಿ ತಂಗಲು ವಿದೇಶಿಯರಿಗೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಪತ್ರ ಬೇಕು. ಅದು ಸಿಗಲು ಬಹಳ ಸಮಯ ಹಿಡಿಯುತ್ತದೆ, ಮುಂಚಿತವಾಗಿ ಅರ್ಜಿ ಹಾಕಬೇಕು. ಅಷ್ಟೆಲ್ಲ ಯಾಕೆ ಅಂತ ಹೆಚ್ಚಿನವರು ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಉಳಿದು ಹಗಲು ನೋಡಿ ಬರುತ್ತಾರೆ. ಪಾಸ್‌ಪೋರ್ಟ್ ಜೊತೆಗಿರಲಿ. ನಮ್ಮವರಿಗೆ ಯಾವ ಅನುಮತಿಯೂ ಬೇಡ.

ಹಬ್ಬದ ಸಮಯದಲ್ಲಿ ಹೋದರೆ ಹೇಗೆ?

ಲೋಸರ್ ಅವರ ಹೊಸ ವರ್ಷ. ಚಾಂದ್ರಮಾನದ ಲೆಕ್ಕ, ನಮ್ಮ ಯುಗಾದಿಗಿಂತ ಮುಂಚೆ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಆ ಆಸುಪಾಸಿನಲ್ಲಿ ಚಾಮ್ ಅನ್ನುವ ಮುಖವಾಡದ ಕುಣಿತ ಇರುತ್ತದೆ. ಜರಿಯ ನಿಲುವಂಗಿ, ದೊಡ್ಡ ಮುಖವಾಡ, ನಿಧಾನ ಹೆಜ್ಜೆ. ತೆರೆ, ಕೋಲದಂಥ ದೈವದ ಕುಣಿತ ನೋಡಿ ಬೆಳೆದವರು ಗಂಟೆಗಟ್ಟಲೆ ಕೂತು ನೋಡಬಹುದು. ಉಳಿದವರಿಗೆ ನಿಧಾನ ಅನ್ನಿಸೀತು. ಬುದ್ಧನ ಜ್ಞಾನೋದಯಕ್ಕೆ ಸಂಬಂಧಿಸಿದ ಸಾಗಾ ದಾವಾ ಮೇ–ಜೂನ್ ಹೊತ್ತಿಗೆ. ಜುಲೈ 6 ದಲೈ ಲಾಮಾ ಹುಟ್ಟುಹಬ್ಬ, ಅವತ್ತು ಕ್ಯಾಂಪ್‌ಗಳಲ್ಲಿ ಸಂಭ್ರಮ, ಅಂಗಡಿಗಳು ಮುಚ್ಚಿರಬಹುದು. ಲೋಸರ್ ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ರೂಮು ಬುಕ್ ಮಾಡುವ ಮುಂಚೆ ನೋಡಿಕೊಳ್ಳಿ.

ದುಬಾರೆ, ನಿಸರ್ಗಧಾಮ, ಹಾರಂಗಿ, ಗೋಲ್ಡನ್ ಟೆಂಪಲ್ ಎಲ್ಲ ಒಂದೇ ದಿನದಲ್ಲಿ ಮುಗಿಸಬಹುದಾ?

ಮುಗಿಸಬಹುದು, ನೋಡುವುದಕ್ಕೆ ಆಗುವುದಿಲ್ಲ. ಟ್ಯಾಕ್ಸಿಯವರ ಪ್ಯಾಕೇಜಿನಲ್ಲಿ ಐದು ಜಾಗ ಇರುತ್ತದೆ, ಅದರಲ್ಲಿ ಮೂರನ್ನು ಕಿಟಕಿಯಿಂದ ನೋಡುತ್ತೀರಿ. ಎರಡು ಸಾಕು. ದುಬಾರೆಯ ಆನೆ ಶಿಬಿರದಲ್ಲಿ ಆನೆ ಸ್ನಾನ ಬೆಳಗ್ಗೆಯೇ ಇರುವುದರಿಂದ ಅದು ಬೇಕೇ ಬೇಕು ಅನ್ನುವವರು ಮೊದಲು ಅಲ್ಲಿಗೆ ಹೋಗಿ. ಜೋರು ಮಳೆಗಾಲದಲ್ಲಿ ಹೊಳೆ ತುಂಬಿದ್ದರೆ ದೋಣಿ ಬಿಡುವುದಿಲ್ಲ, ಕೇಳಿಕೊಂಡು ಹೊರಡಿ. ಅಲ್ಲಿಂದ ನೇರ ಬೈಲಕುಪ್ಪೆಗೆ ಬಂದು ತುಕ್ಪಾ ತಿಂದು, ಮಧ್ಯಾಹ್ನ ಮಠ ನೋಡಿ. ನಿಸರ್ಗಧಾಮ ಕುಶಾಲನಗರದ ಪಕ್ಕದಲ್ಲೇ ಇದೆ. ಮಕ್ಕಳು ಹಟ ಹಿಡಿದರೆ ಮಾತ್ರ ವಾಪಸ್ ಬರುವಾಗ ನಿಲ್ಲಿಸಿ. ಮಡಿಕೇರಿಗೆ ಹಿಂತಿರುಗುವವರು ಕತ್ತಲಾಗುವ ಮುಂಚೆ ಸುಂಟಿಕೊಪ್ಪ ದಾಟಿಬಿಡಿ. ಆಮೇಲಿನ ತಿರುವುಗಳಲ್ಲಿ ಮಂಜು ಇಳಿದರೆ ಹೊಸಬರಿಗೆ ರಸ್ತೆ ಕಾಣುವುದಿಲ್ಲ.